ಡಯಾಲಿಸಿಸ್ ರೋಗಿಗಳಿಗೆ ‘ಒಮೆಗಾ’ ಬಾಟಲಿ ಮಾರುವವರಿದ್ದಾರೆ, ಹುಷಾರು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯವರೇ, ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹಾರ್ಟಿಗೆ ಒಳ್ಳೆಯದು ಅಂತ ‘ಒಮೆಗಾ’ ಹೆಸರಿನಲ್ಲಿ ಮೀನೆಣ್ಣೆ ಮಾತ್ರೆ ಮಾರುವವರು ಈಗ ಡಯಾಲಿಸಿಸ್ ಘಟಕದ ಹೊರಗಿನ ಬೆಂಚಿನ ತನಕ ಬಂದಿದ್ದಾರೆ. ಅಂಥ ಒಂದು ಬಾಟಲಿಯಿಂದ ನಮ್ಮ ಮಾವ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಮಾವನಿಗೆ ಶುಗರ್‌ನಿಂದ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಅಲ್ಲಿ ಕೂತವರನ್ನು ಮಾತಾಡಿಸಿ ನೋಡಿ, ಕಿಡ್ನಿಗಿಂತ ಹಾರ್ಟಿನ ಭಯವೇ ಜಾಸ್ತಿ. ಪಕ್ಕದ ಬೆಡ್ಡಿನವರು ಒಂದು ದಿನ ಬರದಿದ್ದರೆ ಎಲ್ಲರ ಮುಖ ಸಪ್ಪೆ ಆಗುತ್ತದೆ. ಆ ಭಯ ಸುಳ್ಳಲ್ಲ. ಡಯಾಲಿಸಿಸ್ ರೋಗಿಗಳ ಜೀವ ತೆಗೆಯುವುದರಲ್ಲಿ ಹೃದಯದ ತೊಂದರೆಯೇ ಮುಂದೆ. ಮಾರಲು ಬಂದವನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅವನು ನಮ್ಮ ಕಡೆಯವನೇ. ಅಡಿಕೆ ಮಂಡಿಯಲ್ಲಿ ಮಾವನಿಗೆ ಮುಖಪರಿಚಯ. ಮೊಬೈಲಿನಲ್ಲಿ ಒಂದು ಸುದ್ದಿ ತೆಗೆದು ತೋರಿಸಿದನಂತೆ. “ಗೌಡ್ರೆ, ಫಾರಿನ್ ಡಾಕ್ಟರುಗಳೇ ಹೇಳಿದ್ದಾರೆ ನೋಡಿ. ಡಯಾಲಿಸಿಸ್‌ನೋರಿಗೆ ಹಾರ್ಟ್ ಅಟ್ಯಾಕ್ ಅರ್ಧಕ್ಕರ್ಧ ಕಮ್ಮಿ ಆಗುತ್ತೆ.” ಡಾಕ್ಟರನ್ನು ಒಂದು ಮಾತು ಕೇಳ್ತೀನಿ ಅಂತ ಮಾವ ಅಂದಿದ್ದಾರೆ. ಅದಕ್ಕೆ ಅವನು, “ಅವ್ರಿಗೆ ಯಾಕೆ ಹೇಳ್ಬೇಕು? ಇದು ಔಷಧಿ ಅಲ್ಲ, ಆಹಾರ” ಅಂದನಂತೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಈ ಮಾತಿಗೆ.

ಅವನು ತೋರಿಸಿದ ಸುದ್ದಿ ಸುಳ್ಳಲ್ಲ. 2025ರ ಕೊನೆಯಲ್ಲಿ ಪೈಸಿಸ್ ಎಂಬ ಅಧ್ಯಯನದ ಫಲಿತಾಂಶ ಬಂತು. ಕೆನಡಾ ಮತ್ತು ಆಸ್ಟ್ರೇಲಿಯಾದ 26 ಕೇಂದ್ರಗಳಲ್ಲಿ 1,228 ಡಯಾಲಿಸಿಸ್ ರೋಗಿಗಳನ್ನು ಸೇರಿಸಿಕೊಂಡಿದ್ದರು. ಅರ್ಧ ಜನಕ್ಕೆ ದಿನಕ್ಕೆ 4 ಗ್ರಾಂ ಮೀನೆಣ್ಣೆ, ಉಳಿದವರಿಗೆ ಮೆಕ್ಕೆಜೋಳದ ಎಣ್ಣೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮೀನೆಣ್ಣೆ ತಗೊಂಡವರಲ್ಲಿ ಹೃದಯದಿಂದ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ರಕ್ತ ಓಡದೆ ಕಾಲು ತೆಗೆಯಬೇಕಾಗುವುದು, ಇವೆಲ್ಲ ಸೇರಿ ಶೇಕಡಾ 43ರಷ್ಟು ಕಮ್ಮಿ ಇದ್ದವು. ನಮ್ಮಂಥ ಮನೆಗಳಿಗೆ ಇದು ನಿಜಕ್ಕೂ ದೊಡ್ಡ ಸುದ್ದಿ. ಆದರೆ 2006ರಲ್ಲಿ ಡೆನ್ಮಾರ್ಕಿನಲ್ಲಿ 206 ಡಯಾಲಿಸಿಸ್ ರೋಗಿಗಳ ಮೇಲೆ ಇದಕ್ಕಿಂತ ಕಮ್ಮಿ ಡೋಸಿನಲ್ಲಿ ನೋಡಿದಾಗ ಒಟ್ಟು ಲೆಕ್ಕದಲ್ಲಿ ಅಂಥ ಲಾಭ ಕಂಡಿರಲಿಲ್ಲ. ಅಂದರೆ ಯಾವ ಎಣ್ಣೆ, ಎಷ್ಟು, ಯಾರಿಗೆ ಅನ್ನುವುದೇ ಇಲ್ಲಿ ಮುಖ್ಯ.

ಮಾವನಿಗೆ ಸಿಕ್ಕಿದ್ದು ಆ ಎಣ್ಣೆಯೇ ಅಲ್ಲ.

ಬಾಟಲಿಯ ಮುಂದೆ ಚಿನ್ನದ ಬಣ್ಣದ ಹೃದಯದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಒಮೆಗಾ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮಾವನ ಕನ್ನಡಕಕ್ಕೆ ಅದು ಕಾಣುವುದೇ ಇಲ್ಲ. ನಾನು ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ: ಕಾಡ್ ಲಿವರ್ ಆಯಿಲ್, ವಿಟಮಿನ್ ಎ, ವಿಟಮಿನ್ ಡಿ. ಒಂದು ಮೂಲೆಯಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಬೇರೆ.

ಮೀನಿನ ಮಾಂಸದಿಂದ ತೆಗೆಯುವ ಎಣ್ಣೆ ಬೇರೆ, ಕಾಡ್ ಮೀನಿನ ಲಿವರಿನಿಂದ ತೆಗೆಯುವುದು ಬೇರೆ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಮತ್ತು ಡಿ ತುಂಬಾ ಇರುತ್ತವೆ. ಕಿಡ್ನಿ ಕೆಟ್ಟವರ ಮೈಯಲ್ಲಿ ವಿಟಮಿನ್ ಎ ಮೊದಲೇ ಜಾಸ್ತಿ ಇರುತ್ತದೆ. ಡಯಾಲಿಸಿಸ್ ಮಷೀನು ಅದನ್ನು ತೆಗೆಯುವುದಿಲ್ಲ. ಡಯಾಲಿಸಿಸ್‌ನವರಿಗೆಂದೇ ಇರುವ ವಿಟಮಿನ್ ಮಾತ್ರೆಗಳಲ್ಲಿ ‘ಎ’ ಬಿಟ್ಟಿರುವುದು ಅದಕ್ಕೇ. ಇನ್ನು ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆಗಳನ್ನು ಡಾಕ್ಟರು ರಕ್ತಪರೀಕ್ಷೆ ನೋಡಿ ಅಳತೆ ಮಾಡಿ ಕೊಟ್ಟಿರುತ್ತಾರೆ. ಮಾವನಿಗೂ ಅವೆರಡೂ ನಡೆಯುತ್ತಿದ್ದವು. ಅದರ ಮೇಲೆ ಬೆಳಿಗ್ಗೆ ಎರಡು, ರಾತ್ರಿ ಎರಡು ಈ ಮಾತ್ರೆ.

ಮೊದಲು ಊಟ ಸೇರದಾಯಿತು. ಆಮೇಲೆ ಮಲಬದ್ಧತೆ, ತಲೆನೋವು. ತುಟಿ ಒಡೆದು ರಕ್ತ ಬರುತ್ತಿತ್ತು. ಅಂಗೈ ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚಿದರೂ ಕೇಳಲಿಲ್ಲ. ಡಯಾಲಿಸಿಸ್‌ನವರಿಗೆ ತುರಿಕೆ, ಸುಸ್ತು ಇದ್ದದ್ದೇ ಅಲ್ವಾ, ಹಾಗಾಗಿ ಯಾರಿಗೂ ಬೇರೆ ಅನುಮಾನ ಬರಲಿಲ್ಲ. ತಿಂಗಳ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಮೇಲೆ ಹೋಗಿತ್ತು. ಮಾವ ಏನೇನೋ ಮರೆತು ಒಂದೊಂದು ಸಲ ಹೊತ್ತುಗೊತ್ತು ತಿಳಿಯದ ಹಾಗೆ ಮಾತಾಡಲು ಶುರು ಮಾಡಿದಾಗ ಅಡ್ಮಿಟ್ ಮಾಡಿದರು.

“ನಾವು ಬರೆದುಕೊಟ್ಟದ್ದು ಬಿಟ್ಟು ಇನ್ನೇನು ತಗೊಳ್ತಿದ್ದಾರೆ?” ಅಂತ ಡಾಕ್ಟರು ಕೇಳಿದರು. ಅತ್ತೆ ದೇವರ ಮನೆಯ ಗೂಡಿನಲ್ಲಿಟ್ಟಿದ್ದ ಬಾಟಲಿ ತಂದುಕೊಟ್ಟರು. ಡಾಕ್ಟರು ಲೇಬಲ್ ನೋಡಿದವರೇ ನಿಲ್ಲಿಸಿ ಅಂದರು. ಇದೊಂದೇ ಕಾರಣ ಅಂತ ನೂರಕ್ಕೆ ನೂರು ಹೇಳಲಾಗದು, ಆದರೆ ಇದು ಇವರ ಮೈಗೆ ಹೋಗಬಾರದಿತ್ತು ಅಂತ ಬಿಡಿಸಿ ಹೇಳಿದರು. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ಸ್ವಲ್ಪ ಕಾಲ ತಡೆಹಿಡಿದರು. ಈಗ ಕ್ಯಾಲ್ಸಿಯಂ ಇಳಿದಿದೆ, ಮಾವ ಮಾತಾಡಿಕೊಂಡು ಊಟ ಮಾಡುತ್ತಿದ್ದಾರೆ. ಅಂಗೈ ಇನ್ನೂ ಪೂರ್ತಿ ವಾಸಿಯಾಗಿಲ್ಲ.

ಸರಿಯಾದ ಮೀನೆಣ್ಣೆ ತಗೋಬಹುದಾ ಅಂತಲೂ ಕೇಳಿದೆವು. ಬೇಡ ಅನ್ನಲಿಲ್ಲ, ರಿಪೋರ್ಟ್ ಸರಿಯಾಗಲಿ, ಆಮೇಲೆ ನೋಡೋಣ ಅಂದರು. ಮಾವ ಆಸ್ಪಿರಿನ್ ತಗೊಳ್ಳುತ್ತಾರೆ, ಡಯಾಲಿಸಿಸ್ ಹೊತ್ತಿನಲ್ಲಿ ಹೆಪಾರಿನ್ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ ಇದ್ದಾಗ ಮೀನೆಣ್ಣೆಯನ್ನೂ ಲೆಕ್ಕಕ್ಕೆ ತಗೋಬೇಕಂತೆ. ನೀವೂ ಕೇಳುವುದಾದರೆ ಒಂದು ಲೆಕ್ಕ ಗೊತ್ತಿರಲಿ. ಮಾತ್ರೆಯ ಮೇಲೆ 1000 ಮಿಲಿಗ್ರಾಂ ಅಂತ ಇರುವುದು ಒಟ್ಟು ಎಣ್ಣೆಯ ತೂಕ. ಕೆಲಸ ಮಾಡುವುದು ಅದರೊಳಗಿನ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು. ಅಂಗಡಿಯ ಸಾಮಾನ್ಯ ಮಾತ್ರೆಯಲ್ಲಿ ಇವೆರಡೂ ಸೇರಿ ಸುಮಾರು 300 ಮಿಲಿಗ್ರಾಂ. ಪೈಸಿಸ್‌ನಲ್ಲಿ ಕೊಟ್ಟದ್ದು ದಿನಕ್ಕೆ 2.4 ಗ್ರಾಂ. ಹಾಗಂತ ಎಂಟು ಮಾತ್ರೆ ನುಂಗಲು ಹೋಗಬೇಡಿ, ಡಾಕ್ಟರೇ ಹೇಳಲಿ.

ಮಾತ್ರೆ ಯಾಕೆ, ಮೀನೇ ತಿನ್ನಿಸಿ ಅಂತ ಒಣಮೀನು ಕೊಡುವವರೂ ಇದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದು ಇರುತ್ತದಲ್ಲ. ಅದು ಬರೀ ಉಪ್ಪು. ತಿಂದರೆ ಬಾಯಾರಿಕೆ, ನೀರು ಕುಡಿದರೆ ಮೈ ಬಾತು ಉಬ್ಬಸ. ಘಟ್ಟದ ಕೆಳಗಿನಿಂದ ಬರುವ ಹಸಿ ಬಂಗುಡೆ, ಭೂತಾಯಿಯಲ್ಲಿ ಒಳ್ಳೆಯ ಕೊಬ್ಬೂ ಇದೆ, ಪ್ರೋಟೀನೂ ಇದೆ. ಅದನ್ನೂ ಎಷ್ಟು ತಿನ್ನಬಹುದು ಅಂತ ಡಯಟೀಷಿಯನ್ ಹತ್ತಿರ ಕೇಳಿಕೊಳ್ಳಿ, ರಂಜಕದ (ಫಾಸ್ಫರಸ್) ಲೆಕ್ಕ ಇರುತ್ತದೆ.

ಮಾರಿದವನು ಬಿಲ್ ಕೊಟ್ಟಿರಲಿಲ್ಲ. ಸೀಲ್ ಒಡೆದಿದೆ, ದುಡ್ಡು ವಾಪಸ್ ಇಲ್ಲ ಅಂದ. ಮಾವ ಫೋನಿನಲ್ಲಿ ದುಡ್ಡು ಹಾಕಿದ್ದ ದಾಖಲೆ, ಬಾಟಲಿಯ ನಾಲ್ಕೂ ಕಡೆಯ ಫೋಟೊ, ಡಿಸ್ಚಾರ್ಜ್ ಚೀಟಿ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನಿಮ್ಮ ಮನೆಯವರಿಗೂ ಇಂಥದ್ದನ್ನು ಮಾರಿದ್ದರೆ ಬಾಟಲಿ ಎಸೆಯಬೇಡಿ. ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.