ಹೇಮಾವತಿ ಒಂದು ದಿನದ ಪ್ರವಾಸ: ಗೈಡ್ ಗಟ್ಟಿ, ವೇಳಾಪಟ್ಟಿ ಪೊಳ್ಳು

ಆಂಧ್ರದ ಹಿಂದೂಪುರದಿಂದ ಕಾರು, ಗೈಡ್ ಎರಡನ್ನೂ ಸೇರಿಸಿ ಲೇಪಾಕ್ಷಿ ಮತ್ತು ಹಳೆಯ ಗುಡಿಗಳ ಊರು ಹೇಮಾವತಿ (ನದಿಯಲ್ಲ) ತೋರಿಸುವ ಪ್ಯಾಕೇಜ್ ಇದು. ಬೆಳಿಗ್ಗೆ ಲೇಪಾಕ್ಷಿ, ನಡುಮಧ್ಯಾಹ್ನ ಹೇಮಾವತಿ. ಕೆಟ್ಟಿರುವುದು ಇಲ್ಲೇ. ನೆತ್ತಿಯ ಬಿಸಿಲಲ್ಲಿ, ಹಿಂದೆ ಈ ಸೀಮೆ ಆಳಿದ ನೊಳಂಬ ಅರಸರ ಕಪ್ಪುಕಲ್ಲಿನ ನವಿರು ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಹೇಮಾವತಿಯ ದೊಡ್ಡೇಶ್ವರ ಗುಡಿಯ ಜಾಲಂಧ್ರಗಳಿಗೆ (ಕಲ್ಲಿನ ಜಾಲರಿ ಕಿಟಕಿಗಳಿಗೆ) ಓರೆ ಬೆಳಕು ಬೇಕು. ಬುಕ್ ಮಾಡುವಾಗಲೇ ‘ಹೇಮಾವತಿ ಮೊದಲು’ ಎಂದು ಪಟ್ಟು ಹಿಡಿಯಿರಿ. ಲೇಪಾಕ್ಷಿ 16ನೇ ಶತಮಾನದ ವಿಜಯನಗರದ ಕೆಲಸ, ಅದನ್ನು ಇನ್ನೊಂದು ದಿನ ನೋಡಬಹುದು.

ಗೈಡ್‌ಗೆ ಊರಿನ ಬೇರು ಗೊತ್ತಿದೆ, ಕನ್ನಡದಲ್ಲೇ ಹೇಳುತ್ತಾರೆ. ಹೇಮಾವತಿ ಹಿಂದಿನ ಹೆಂಜೇರು, ‘ನೊಳಂಬವಾಡಿ ಮೂವತ್ತೆರಡು ಸಾಸಿರ’ ಎಂಬ ನೊಳಂಬರ ನಾಡಿನ ರಾಜಧಾನಿ. ಗಂಗರ ಎರಡನೇ ಮಾರಸಿಂಹ ನೊಳಂಬರನ್ನು ಸೋಲಿಸಿ ‘ನೊಳಂಬಕುಲಾಂತಕ’ ಎನಿಸಿಕೊಂಡ. ಆಮೇಲೆ ಚೋಳರು ಹೊತ್ತೊಯ್ದ ನೊಳಂಬ ಕಂಬಗಳು ತಂಜಾವೂರಿನ ಹತ್ತಿರದ ತಿರುವೈಯಾರಿನಲ್ಲಿವೆ. ಇಲ್ಲಿಯ ಕೆಲವು ಶಿಲ್ಪಗಳು ಚೆನ್ನೈ ಮ್ಯೂಸಿಯಂ ಸೇರಿವೆ. ಸಿದ್ಧೇಶ್ವರ ಗುಡಿಯಲ್ಲಿ ಪೂಜೆ ಲಿಂಗಕ್ಕಲ್ಲ, ಕುಳಿತ ಶಿವನ ಮೂರ್ತಿಗೆ. ಇದನ್ನು ಗಮನಿಸದೆ ಕೈಮುಗಿದು ಹೊರಡುವವರೇ ಹೆಚ್ಚು.

ವೀರಗಲ್ಲು ಓದಿಸುವ ಭಾಗ ಕೊಟ್ಟ ಕಾಸಿಗೆ ಸಾರ್ಥಕ. ಕಲ್ಲಿನ ತಳದ ಕೆತ್ತನೆಯ ಸಾಲಿನಿಂದ ಶುರುಮಾಡಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕಾಳಗದಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನ ಹಿಡಿದೊಯ್ಯುವವರ ಮೇಲೆ ಬಿದ್ದು ಸತ್ತವನ ಕಲ್ಲು. ಶಾಸನದಲ್ಲಿ ‘ಬಿತ್ತುವಟ್ಟ’ ಸಿಕ್ಕರೆ ಕೆರೆ ನೋಡಿಕೊಳ್ಳಲು ಬಿಟ್ಟ ಜಮೀನು. ‘ಬಾಳ್ಗಚ್ಚು’ ಸಿಕ್ಕರೆ ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿ. ಮೇಲಿನ ಸೂರ್ಯಚಂದ್ರರು ಅಲಂಕಾರವಲ್ಲ, ದತ್ತಿಯ ಅವಧಿ: ಸೂರ್ಯಚಂದ್ರರು ಇರುವವರೆಗೆ. ಇಷ್ಟು ತಿಳಿದರೆ ಈ ಸೀಮೆಯ ಯಾವ ಹಳೆಯ ಊರಿನ ಕೆರೆ ಏರಿಯ ಮೇಲೂ ನೀವೇ ಓದಿಕೊಳ್ಳಬಹುದು.

ಒಂದು ದೂರು: ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುತ್ತಾರೆ. ಪುಡಿ ಗೀರುಗಳಲ್ಲಿ ಕೂತು, ಮತ್ತೆ ಮತ್ತೆ ತಿಕ್ಕಿದಂತೆ ಅಂಚು ಸವೆಯುತ್ತದೆ. ಕಂಡರೆ ತಡೆಯಿರಿ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹೆಚ್ಚುಕಡಿಮೆ ತಾಗಿಸಿ ಅಡ್ಡ ಬೆಳಕು ಬಿಟ್ಟರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಆ ಟಾರ್ಚ್ ಗುಡಿಯೊಳಗಿನ ಕತ್ತಲೆಯ ನವರಂಗದ (ಕಂಬಗಳ ಮಂಟಪದ) ಕಂಬಗಳಿಗೂ ಬೇಕು. ಮೊಬೈಲ್ ಬೆಳಕು ಅಲ್ಲಿ ಸಾಲದು.

ಊಟ ಪ್ಯಾಕೇಜಿನಲ್ಲಿಲ್ಲ, ಬುತ್ತಿ ಕಟ್ಟಿಕೊಳ್ಳಿ. ಗರ್ಭಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆಂದು ಹಿಂದಿನ ದಿನವೇ ಗೈಡ್‌ಗೆ ಫೋನ್ ಮಾಡಿ ಕೇಳಿ. ಶಿರಾ ಕಡೆಯವರಿಗೆ ಈ ಪ್ಯಾಕೇಜ್ ಸುತ್ತುಬಳಸು. ನೇರ ಅಮರಾಪುರದ ದಾರಿ ಹಿಡಿದು, ಗೈಡನ್ನು ಮಾತ್ರ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.