ಬಿಳಿಜೋಳದ ಕಳೆಗೆ ಯಾವುದು? ಮೂರು ಔಷಧ, ಒಂದು ಎಡೆಕುಂಟೆ

ಮೊದಲೇ ಹೇಳಿಬಿಡುತ್ತೇನೆ, ಹಿಂಗಾರಿ ಬಿಳಿಜೋಳಕ್ಕೆ ನನ್ನ ಮತ ಎತ್ತು ಕಟ್ಟಿ ಸಾಲಿನ ನಡುವೆ ಹೊಡೆಯುವ ಎಡೆಕುಂಟೆಗೆ. ಎರಡು ವರ್ಷದ ಹಿಂದೆ ಕೇಳಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಒಂದೂವರೆ ಎಕರೆ ಮಾಲ್ದಂಡಿ ತಳಿಯ ಬಿಳಿಜೋಳ ನನ್ನ ಕಣ್ಣೆದುರಿಗೇ ಬೆಳ್ಳಗಾಯಿತು. ಆ ಮೇಲೆ ಬಂದ ಮಾತು ಇದು.

ನಮ್ಮ ಊರು ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ, ವಿಜಯಪುರದ ಗಡಿಗೆ ಹತ್ತಿರ. ಐದು ಎಕರೆ ಎರೆ ಹೊಲ. ಮೂರು ಎಕರೆ ಮಳೆ ನಂಬಿದ ಬಿಳಿಜೋಳ, ಬಾವಿ ಹತ್ತಿರದ ಒಂದೂವರೆ ಎಕರೆಯಲ್ಲಿ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಮನೆಯಲ್ಲಿ ಎರಡು ಎಮ್ಮೆ ಇವೆ. ಹಾಗಾಗಿ ನನಗೆ ಕಾಳಿನಷ್ಟೇ ಕಣಿಕೆಯೂ ಮುಖ್ಯ.

ಆ ವರ್ಷ ಸೆಪ್ಟೆಂಬರ್ ಮಳೆ ಚೆನ್ನಾಗಿ ಆಗಿತ್ತು. ಜೋಳದ ಜೊತೆಗೇ ಕಳೆಯೂ ಎದ್ದಿತು. ಕಸ ತೆಗೆಯಲು ಹೆಣ್ಣಾಳು ಸಿಗಲಿಲ್ಲ, ಎಲ್ಲರೂ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಪೇಟೆಯ ಒಂದು ಅಂಗಡಿಗೆ ಹೋಗಿ "ಜೋಳದಾಗಿನ ಕಸಕ್ಕ ಎಣ್ಣಿ ಕೊಡು" ಅಂದೆ. ಕೌಂಟರಿನಲ್ಲಿದ್ದ ಹುಡುಗ ಹೊಸಬ, ಕನ್ನಡ ಅಷ್ಟಕ್ಕಷ್ಟೇ. ನಾನು ಅಂದದ್ದು ಬಿಳಿಜೋಳ, ಅವನು ತಿಳಿದದ್ದು ಗೋವಿನಜೋಳ. ಕೊಟ್ಟದ್ದು ಟೆಂಬೊಟ್ರಿಯೋನ್, ಗೋವಿನಜೋಳದ ಕಳೆನಾಶಕ. ಎಕರೆಗೆ 115 ಮಿಲಿ, ಜೊತೆಗೆ ಕೊಟ್ಟ ಅಂಟನ್ನೂ ಬೆರೆಸಬೇಕು ಅಂದ. ಡಬ್ಬಿಯ ಪೆಟ್ಟಿಗೆ ಅಲ್ಲೇ ಉಳಿಯಿತು, ಅದರೊಳಗಿನ ಮಡಚಿದ ಕಾಗದವೂ ಅಲ್ಲೇ ಉಳಿಯಿತು.

ಬಿತ್ತಿ 20 ದಿನ ಆಗಿತ್ತು. ಬೆಳಗ್ಗೆ ಶುರು ಮಾಡಿದವನು ಊಟದ ಹೊತ್ತಿಗೆ ಒಂದೂವರೆ ಎಕರೆ ಮುಗಿಸಿದ್ದೆ. ಬ್ಯಾಟರಿ ಪಂಪಿನ ಚಾರ್ಜು ಮುಗಿದದ್ದರಿಂದ ಉಳಿದ ಅರ್ಧ ಹೊಲ ಬಚಾವಾಯಿತು.

ಐದನೆಯ ದಿನ ಅವ್ವ ಹೊಲದಿಂದ ಬಂದು "ತಮ್ಮಾ, ಜ್ವಾಳದ ಸುಳಿ ಬೆಳ್ಳಗ ಆಗ್ಯಾವ, ನೋಡು ಬಾ" ಅಂದಳು. ಓಡಿದೆ. ಹಳೆಯ ಎಲೆಗಳು ಹಸಿರಾಗೇ ಇದ್ದವು. ನಡುವಿನಿಂದ ಹೊಸದಾಗಿ ಬರುತ್ತಿದ್ದ ಎಲೆ ಮಾತ್ರ ಉಳ್ಳಾಗಡ್ಡಿಯ ಒಳಪೊರೆಯ ಹಾಗೆ ಬಿಳಿ, ಅಂಚಿಗೆ ತುಸು ಗುಲಾಬಿ. ಬಿಸಿಲಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾಗಿತ್ತು. ಸಾಲಿನ ತುದಿಯಲ್ಲಿ ನಾನು ತಿರುಗುವಾಗ ಎರಡು ಸಲ ಔಷಧ ಬಿದ್ದ ಕಡೆ ಸಸಿಗಳು ಪೂರ್ತಿ ಸತ್ತಿದ್ದವು. ಪಕ್ಕದಲ್ಲೇ ಕಾಂಗ್ರೆಸ್ ಕಸವೂ ಅದೇ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಕೇಳಿ ತಿಳಿದುಕೊಂಡೆ. ಎಲೆಯ ಹಸಿರನ್ನು ಬಿಸಿಲಿನಿಂದ ಕಾಯುವ ಹಳದಿ ಬಣ್ಣದ ಅಂಶ ಒಂದಿರುತ್ತದೆ. ಈ ಔಷಧ ಅದನ್ನೇ ಹುಟ್ಟದಂತೆ ತಡೆಯುತ್ತದೆ. ಕಾವಲು ಇಲ್ಲದ ಹಸಿರು ಬಿಸಿಲಿಗೆ ಸುಟ್ಟುಹೋಗುತ್ತದೆ. ಅದಕ್ಕೇ ಬಿಳುಪು ಹೊಸ ಎಲೆಯಲ್ಲಿ ಮೊದಲು ಕಾಣುವುದು. ಗೋವಿನಜೋಳ ಈ ಔಷಧವನ್ನು ಬೇಗ ಒಡೆದು ಅರಗಿಸಿಕೊಳ್ಳುತ್ತದೆ. ಬಿಳಿಜೋಳಕ್ಕೆ ಅದು ಅಷ್ಟು ಬೇಗ ಆಗುವುದಿಲ್ಲ.

ಮೂರು ವಾರಕ್ಕೆ ಬಹಳಷ್ಟು ಸಸಿ ಮತ್ತೆ ಹಸಿರಾದವು. ಬದುಕಿತು ಅಂದುಕೊಂಡೆ. ಆದರೆ ಹಿಂಗಾರಿ ಜೋಳ ಬೆಳೆಯುವುದು ನೆಲದಲ್ಲಿ ಉಳಿದ ಹಸಿಯ ಮೇಲೆ, ಅಲ್ವಾ? ಬೆಳೆ ನಿಂತರೂ ನೆಲದ ಹಸಿ ಆರುವುದು ನಿಲ್ಲುವುದಿಲ್ಲ. ಔಷಧ ಬೀಳದ ಅರ್ಧದಲ್ಲಿ ತೆನೆ ಹೊರಬಿದ್ದಾಗ ಇಲ್ಲಿ ಇನ್ನೂ ಹೊಡೆಯೂ ಕಟ್ಟಿರಲಿಲ್ಲ. ಎರಡು ವಾರ ತಡವಾಗಿ ತೆನೆ ಬಂತು. ಅಷ್ಟರಲ್ಲಿ ನೆಲ ಬಿರುಕು ಬಿಟ್ಟಿತ್ತು. ಕಾಳು ತುಂಬಲಿಲ್ಲ, ತೆನೆ ತಿಕ್ಕಿದರೆ ಅಂಗೈಯಲ್ಲಿ ಹೊಟ್ಟೇ ಜಾಸ್ತಿ. ಕಣಿಕೆ ನನ್ನ ಎದೆಯ ಮಟ್ಟಕ್ಕೂ ಬರಲಿಲ್ಲ. ಆ ಬೇಸಿಗೆ ಮೇವು ಕೊಂಡು ಎಮ್ಮೆ ಸಾಕಿದೆವು.

ಇಷ್ಟಾದರೂ ಔಷಧವೇ ಕೆಟ್ಟದ್ದು ಅಂತ ನಾನು ಹೇಳಲಾರೆ. ಮರುವರ್ಷ ಅದನ್ನೇ ಗೋವಿನಜೋಳಕ್ಕೆ ಹೊಡೆದೆ. ಕಳೆ ಮೂರು ನಾಲ್ಕು ಎಲೆ ಇದ್ದಾಗ ಹೊಡೆದದ್ದಕ್ಕೆ ಸಾಲು ಪೂರ್ತಿ ಸ್ವಚ್ಛವಾಯಿತು, ಬೆಳೆಗೆ ಏನೂ ಆಗಲಿಲ್ಲ.

ಎರಡನೆಯ ಔಷಧ ಅಟ್ರಾಜಿನ್, ಅಗ್ಗ. ಬಿತ್ತಿದ ಎರಡು ಮೂರು ದಿನದೊಳಗೆ, ಕಳೆ ಹುಟ್ಟುವ ಮೊದಲೇ ಹೊಡೆಯಬೇಕು. ಬಿಳಿಜೋಳಕ್ಕೆ ಎಕರೆಗೆ 400 ಗ್ರಾಂ ಪುಡಿ, ಶೇಕಡಾ 50ರದ್ದು. ಬಿಳಿಜೋಳವೂ ಗೋವಿನಜೋಳವೂ ಇದನ್ನು ತಮ್ಮೊಳಗೇ ಕೆಡಿಸಿ ತಾಳಿಕೊಳ್ಳುತ್ತವೆ. ತೊಗರಿಗೆ ಆ ಶಕ್ತಿ ಇಲ್ಲ. ನಾವು ಜೋಳದ ನಡುನಡುವೆ ತೊಗರಿ ಸಾಲು ಹಾಕುವವರು. ಒಂದು ಮುಂಗಾರಿನಲ್ಲಿ ಹೀಗೇ ಹೊಡೆದಾಗ ತೊಗರಿ ಮೊಳಕೆ ಬಂದು ಎರಡೆಲೆ ಬಿಟ್ಟು, ಅಂಚಿನಿಂದ ಹಳದಿಯಾಗಿ ಒಣಗಿತು. ಒಂದು ಸಾಲೂ ಉಳಿಯಲಿಲ್ಲ. ಅಕ್ಕಡಿ ಇಲ್ಲದ ಹೊಲವಾದರೆ ಪರವಾಗಿಲ್ಲ.

ಹಿಂಗಾರಿಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಮೇಲ್ಮಣ್ಣು ಹಸಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ನಾವು ಕೂರಿಗೆಯಲ್ಲಿ ಬೀಜವನ್ನು ಆಳದ ಹಸಿಗೆ ಇಳಿಸುತ್ತೇವೆ, ಮೇಲೆ ಎರಡು ಬೆರಳು ಒಣ ಮಣ್ಣು. ಅಲ್ಲಿ ಬಿದ್ದ ಔಷಧ ಸುಮ್ನೆ ಕೂತಿರುತ್ತದೆ. ಜೇಕಿಗೂ ಕರಿಕೆಗೂ ಇದು ನಾಟುವುದೇ ಇಲ್ಲ. ಇದು ನೀರಿಗೆ ಇಳಿಯುತ್ತದೆ ಎನ್ನುವುದೂ ನನ್ನ ತಲೆಯಲ್ಲಿದೆ. ಅಂತರ್ಜಲದಲ್ಲಿ ಸಿಕ್ಕಿತೆಂಬ ಕಾರಣಕ್ಕೇ ಯುರೋಪಿನ ಒಕ್ಕೂಟ 2004ರ ಹೊತ್ತಿಗೆ ಇದನ್ನು ಕೈಬಿಟ್ಟಿತು. ನಮ್ಮ ಮನೆಯವರು ಕುಡಿಯುವುದು ಹೊಲದ ಬಾವಿಯ ನೀರು.

ಮೂರನೆಯದು 2,4-ಡಿ. ಅಗಲ ಎಲೆಯ ಕಳೆಗೆ ಒಳ್ಳೆಯದು, ಜೋಳದ ಬೇರಿಗೆ ಅಂಟಿ ಬದುಕುವ ಟಾರ್ಫುಲಾ ಕಳೆಗೂ ಆಗುತ್ತದೆ. ಆದರೆ ತಡ ಮಾಡಿ ಹೊಡೆದರೆ ಜೋಳದ ದಂಟು ಪೆಡಸಾಗಿ ಗಾಳಿಗೆ ಪಟ್ಟನೆ ಮುರಿಯುತ್ತದೆ, ಎಲೆ ಸುತ್ತಿಕೊಂಡು ಉಳ್ಳಾಗಡ್ಡಿ ಎಲೆಯ ಹಾಗೆ ಕೊಳವೆಯಾಗುತ್ತದೆ. ನಮ್ಮ ಬದುವಿನ ಆಚೆ ದ್ರಾಕ್ಷಿ ತೋಟವಿದೆ. ಗಾಳಿಯಲ್ಲಿ ಚೂರು ಹಾರಿ ಹೋದರೂ ದ್ರಾಕ್ಷಿ ಎಲೆ ಬೀಸಣಿಕೆಯಂತೆ ಮುದುಡುತ್ತದೆ. ನೆರೆಯವರ ವರ್ಷದ ದುಡಿಮೆ ಅದು. ನಾನು ಮುಟ್ಟುವುದಿಲ್ಲ.

ಇನ್ನು ಎಡೆಕುಂಟೆ. ನಮ್ಮಲ್ಲಿ ಎತ್ತಿಲ್ಲ, ದೊಡ್ಡಪ್ಪನ ಜೋಡಿ ಬಾಡಿಗೆಗೆ ಬರುತ್ತದೆ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್ ಇದ್ದರೆ ಕುಂಟೆ ಸಲೀಸಾಗಿ ಹೋಗುತ್ತದೆ. ಬಿತ್ತಿದ ಮೂರನೆಯ, ಐದನೆಯ, ಎಂಟನೆಯ ವಾರಕ್ಕೆ ಒಂದೊಂದು ಸಲ. ಎತ್ತಿನ ಬಾಯಿಗೆ ಬಲೆ ಕಟ್ಟಿ ಬೆಳಗಿನ ತಂಪಿನಲ್ಲಿ ಹೊಡೆಯುತ್ತೇವೆ. ಸಾಲಿನೊಳಗೆ ಉಳಿದ ಕಳೆಯನ್ನು ಅವ್ವ, ನನ್ನ ಹೆಂಡತಿ ಕುರ್ಪಿಯಿಂದ ತೆಗೆಯುತ್ತಾರೆ. ಅದೇ ಇದರ ಕಷ್ಟ, ಬೆನ್ನು ನೋವಿನ ಕೆಲಸ. ಮಳೆ ಹಿಡಿದರೆ ಎರೆ ಹೊಲದಲ್ಲಿ ಎತ್ತು ಇಳಿಯುವುದೂ ಇಲ್ಲ.

ಆದರೆ ಕುಂಟೆ ಕೊಡುವುದನ್ನು ಯಾವ ಡಬ್ಬಿಯೂ ಕೊಡುವುದಿಲ್ಲ. ಎರೆ ಮಣ್ಣು ಒಣಗಿದಂತೆ ಬಿರಿಯುತ್ತದೆ, ಆ ಬಿರುಕಿನಿಂದಲೇ ಆಳದ ಹಸಿ ಆರಿಹೋಗುತ್ತದೆ. ಕುಂಟೆಯ ಕುಡ ಮೇಲಿನ ಎರಡು ಮೂರು ಬೆರಳು ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚುತ್ತದೆ. ಹೋದ ಜನವರಿಯಲ್ಲಿ ಕುಂಟೆ ಹೊಡೆದ ಸಾಲಿನಲ್ಲಿ ಗೇಣು ಆಳ ಕೆದಕಿದೆ. ಮಣ್ಣು ಮುಷ್ಟಿಯಲ್ಲಿ ಉಂಡೆಯಾಯಿತು. ಬದುವಿನ ಪಕ್ಕ, ಕುಂಟೆ ಮುಟ್ಟದ ಜಾಗದಲ್ಲಿ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಔಷಧದಿಂದ ಕಳೆ ಸಾಯಬಹುದು, ಬಿರುಕು ಮುಚ್ಚುವುದಿಲ್ಲ.

ಖರ್ಚಿನ ಲೆಕ್ಕದಲ್ಲಿ ಅಟ್ರಾಜಿನ್ನೇ ಗೆಲ್ಲುತ್ತದೆ. ಮೂರು ಎಕರೆಗೆ ಮೂರು ಸಲದ ಎತ್ತಿನ ಬಾಡಿಗೆ ನನಗೆ ಭಾರವೇ. ಹತ್ತು ಹದಿನೈದು ಎಕರೆ ಇದ್ದು, ಮನೆಯಲ್ಲಿ ದುಡಿಯುವ ಕೈ ಇಲ್ಲದವರಿಗೆ ಇದು ಆಗದ ಮಾತು. ಅವರು ಮುಂಗಾರಿಯ ಬರೀ ಜೋಳಕ್ಕೆ, ಹಸಿ ನೋಡಿಕೊಂಡು, ಅಟ್ರಾಜಿನ್ ಹೊಡೆದು ಮೇಲೊಂದು ಕುಂಟೆ ಹಾಯಿಸಲಿ. ನನ್ನ ಮೂರು ಎಕರೆಗೆ, ನನ್ನ ಎಮ್ಮೆಗಳಿಗೆ, ತೊಗರಿ ಅಕ್ಕಡಿಗೆ ಎಡೆಕುಂಟೆಯೇ ಸರಿ.

ಈ ಸಲವೂ ದೊಡ್ಡಪ್ಪನಿಗೆ ಮೊದಲೇ ಹೇಳಿಟ್ಟಿದ್ದೇನೆ. ಕುಡ ತಟ್ಟಿಸಲು ಕಮ್ಮಾರರ ಹತ್ತಿರ ಇದೆ. ಗೋವಿನಜೋಳದ ಔಷಧ ಬೇರೆ ಮೊಳೆಗೆ ತೂಗುಹಾಕಿದ್ದೇನೆ. ಅಂಗಡಿಯಲ್ಲಿ ಈಗ ಜೋಳ ಅನ್ನುವುದಿಲ್ಲ. ಬಿಳಿಜೋಳ, ಜ್ವಾರಿ ಅಂತ ಎರಡೂ ಹೆಸರು ಹೇಳಿ, ಡಬ್ಬಿಯೊಳಗಿನ ಕಾಗದ ಬಿಚ್ಚಿ ಬೆಳೆಯ ಹೆಸರು ಓದಿಯೇ ದುಡ್ಡು ಕೊಡುತ್ತೇನೆ.