ಹೊಸಬರ ನದಿಯಾನಕ್ಕೆ ಇಬ್ಬರು ಕೂರುವ ಸಿಟ್-ಆನ್-ಟಾಪ್ ಕಯಾಕ್ ಹೇಗಿದೆ?

ಹೊಸಬರ ಗುಂಪನ್ನು ಶಾಂತ ನದಿಗಿಳಿಸಲು ಸಿಟ್-ಆನ್-ಟಾಪ್ ಕಯಾಕೇ (ಒಳಗಲ್ಲ, ಮೇಲೆಯೇ ಕೂತು ಹುಟ್ಟು ಹಾಕುವ ಕಿರುದೋಣಿ) ಸರಿ. ಮಗುಚಿದರೂ ಒಳಗೆ ಸಿಕ್ಕಿಬೀಳುವ ಭಯವಿಲ್ಲ. ಮೇಲೆ ಬಂದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಕೂತ ಜಾಗ ಮಾತ್ರ ಸದಾ ಒದ್ದೆ, ಅದಕ್ಕೆ ಮದ್ದಿಲ್ಲ.

ಭಾರದವರು ಹಿಂದೆ ಕೂರಬೇಕು. ಮುಂದೆ ಭಾರ ಹೆಚ್ಚಾದರೆ ಮೂತಿ ನೀರಿಗೆ ತಗ್ಗಿ ದೋಣಿ ಅಡ್ಡ ತಿರುಗುತ್ತದೆ. ಹುಟ್ಟಿನ ಲಯ ಮುಂದಿನವರದು. ಹಿಂದಿನವರು ಅನುಸರಿಸದಿದ್ದರೆ ಹುಟ್ಟುಗಳು ಟಕಟಕ ತಾಗುತ್ತವೆ.

ಹರಿವು ದೋಣಿಯನ್ನು ಬಂಡೆಗೆ ಒತ್ತಿದಾಗ ಹೊಸಬರು ಹೆದರಿ ಆಚೆ ವಾಲುತ್ತಾರೆ. ನೀರು ಬರುವ ಕಡೆಯ ಅಂಚು ಮುಳುಗಿ ಕ್ಷಣದಲ್ಲಿ ಮಗುಚುತ್ತದೆ. ಬಂಡೆಯತ್ತಲೇ ವಾಲಿ, ಬೇಕಿದ್ದರೆ ತಬ್ಬಿಕೊಳ್ಳಿ. ನೀರಿಗೆ ಬಿದ್ದ ಮರವನ್ನಂತೂ ದೂರದಿಂದಲೇ ತಪ್ಪಿಸಬೇಕು.

ಲೈಫ್ ಜಾಕೆಟ್‌ನ ಹೆಗಲಪಟ್ಟಿ ಎತ್ತಿ ನೋಡಿ. ಕಿವಿಯವರೆಗೆ ಬಂದರೆ ಸಡಿಲ. ಗುಂಪಿನ ಮುಂದೊಬ್ಬ, ಹಿಂದೊಬ್ಬ ಗೈಡ್ ಕೊಡದವರಿಗೆ ದುಡ್ಡು ಕೊಡಬೇಡಿ.